ಕಾವಿನಿಂದ ಜಾರಿದ ಕೊಡಲಿ

2025ರ ಜೂನ್ ತಿಂಗಳ ಕೊನೆಯ ವಾರ. ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರದಲ್ಲಿ ಪರಿಚಯದವರೊಬ್ಬರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಒಂದೆರಡು ಸಲ ಹದವಾದ ಮಳೆ ಬಿದ್ದು, ತೊಗರಿ, ಉದ್ದು, ಸೋಯಾ ಬಿತ್ತನೆಯ ಗಡಿಬಿಡಿ ಊರನ್ನು ತುಂಬಿತ್ತು. ಎಂಬತ್ತು ದಾಟಿದ ಮನೆಯ ಹಿರಿಯರು ಹಳೆಯ ಕೊಡಲಿಯೊಂದಕ್ಕೆ ಹೊಸ ಕಾವು ಕೂಡಿಸುತ್ತಿದ್ದರು. ಕೆತ್ತಿ ನಯಗೊಳಿಸಿದ ಜಾಲಿಯ ಕಟ್ಟಿಗೆಯನ್ನು ಕೊಡಲಿಯ ತೂತಿನೊಳಗೆ ತೂರಿಸಿ, ತುದಿಯಲ್ಲಿ ಸೀಳು ಮಾಡಿ ಬೆಣೆ ಬಡಿದರು. ಆಮೇಲೆ ಕೊಡಲಿಯ ತಲೆಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟರು. ಏಕೆಂದು ಕೇಳಿದೆ. "ಕಟ್ಟಿಗಿ ನೀರ್ ಕುಡದು ಉಬ್ಬತದ್ರೀ, ಆಗ ಬಿಗಿ ಹಿಡೀತದ. ಸಡ್ಲ ಬಿಟ್ಟರ ಮಗ್ಗಲದಾಗ ನಿಂತವನ ಜೀವ ಹೋಗ್ತದ" ಎಂದರು.

ಅಷ್ಟರಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುವ ಅವರ ಮೊಮ್ಮಗ ಮೊಬೈಲು ಹಿಡಿದು ಬಂದ. ಅಮೆರಿಕವು ಇರಾನಿನ ಇಸ್ಫಹಾನ್ ನಗರದ ಅಣುಕೇಂದ್ರದ ಮೇಲೆ ಸಬ್‌ಮರೀನಿನಿಂದ ಎರಡು ಡಜನ್‌ಗಿಂತಲೂ ಹೆಚ್ಚು ಟೊಮಾಹಾಕ್ ಕ್ಷಿಪಣಿಗಳನ್ನು ಹಾರಿಸಿತೆಂಬ ಸುದ್ದಿ ಆ ದಿನಗಳಲ್ಲಿ ಎಲ್ಲೆಡೆ ಹರಿದಾಡುತ್ತಿತ್ತು. "ಫಾದರ್, ಟೊಮಾಹಾಕ್ ಅಂದ್ರ ಏನ್ರೀ?" ಎಂದು ಕೇಳಿದ. ಸಣ್ಣ ಕೊಡಲಿ, ಅಮೆರಿಕದ ಮೂಲನಿವಾಸಿಗಳು ಕೈಯಲ್ಲಿ ಹಿಡಿಯುತ್ತಿದ್ದ ಕೊಡಲಿ ಎಂದು ಹೇಳಿದೆ. ಹಿರಿಯರು ನಕ್ಕರು. "ಕೊಡ್ಲಿ ಸಮುದ್ರದಾಗಿಂದ ಹಾರಿ ಬರ್ತದ? ಹಂಗಾರ ಅದರ ಕಾವು ಯಾರ ಕೈಯಾಗ ಇರ್ತದ್ರೀ?"

ಅವರು ಹಾಸ್ಯಕ್ಕೆ ಕೇಳಿದ್ದರು. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು.

ಟೊಮಾಹಾಕ್ ಎಂಬ ಶಬ್ದದ ಹುಟ್ಟು ಸರಳವಾದದ್ದು. 1607ರಲ್ಲಿ ಇಂಗ್ಲಿಷರು ಈಗಿನ ವರ್ಜೀನಿಯಾದ ಕರಾವಳಿಯಲ್ಲಿ ಜೇಮ್ಸ್‌ಟೌನ್ ಎಂಬ ನೆಲೆ ಹೂಡಿದಾಗ ಅಲ್ಲಿದ್ದವರು ಪೌಹಾಟನ್ ಜನರು. ಅವರ ಭಾಷೆ ಅಲ್ಗಾಂಕ್ವಿಯನ್ ಭಾಷಾಕುಟುಂಬಕ್ಕೆ ಸೇರಿದ್ದು. ಆ ಭಾಷೆಯಲ್ಲಿ 'ತಮಹಾಕ್' ಎಂಬಂಥ ಒಂದು ಶಬ್ದವಿತ್ತು. ಕಡಿಯಲು ಬಳಸುವ ಸಾಧನ ಎಂಬುದಷ್ಟೇ ಅದರ ಅರ್ಥ. ಜಾನ್ ಸ್ಮಿತ್, ವಿಲಿಯಂ ಸ್ಟ್ರೇಚಿ ಮೊದಲಾದವರು ಅಲ್ಲಿನ ಮಾತುಗಳನ್ನು ಪಟ್ಟಿ ಮಾಡಿಕೊಳ್ಳುವಾಗ ಇದನ್ನೂ ಬರೆದುಕೊಂಡರು. ಕಲ್ಲಿನ ತಲೆಗೆ ಮರದ ಹಿಡಿ ಕಟ್ಟಿದ ಉಪಕರಣ ಅದು. ಕಟ್ಟಿಗೆ ಕಡಿಯಲೂ ಬರುತ್ತಿತ್ತು, ಕಾಳಗಕ್ಕೂ ಬರುತ್ತಿತ್ತು. ನಮ್ಮ ಕೊಡಲಿಯ ಹಾಗೆಯೇ.

ಇಂಗ್ಲಿಷಿನಲ್ಲಿ 'ಹಾಕ್' ಎಂದರೆ ಗಿಡುಗ. ಹೀಗಾಗಿ ಟೊಮಾಹಾಕ್ ಎಂದರೆ ಯಾವುದೋ ಬೇಟೆಯ ಹಕ್ಕಿಯೆಂದು ಭಾವಿಸುವವರಿದ್ದಾರೆ. ಬೀದರದ ವಾಯುಪಡೆ ನೆಲೆಯಲ್ಲಿ 2008ರಿಂದ ಹಾಕ್ ತರಬೇತಿ ವಿಮಾನಗಳು ಹಾರುತ್ತಿರುವುದರಿಂದ ನಮ್ಮ ಜಿಲ್ಲೆಯ ಮಕ್ಕಳಿಗೆ ಈ ತಪ್ಪು ಇನ್ನೂ ಸಹಜ. ಆ ವಿಮಾನದ ಹೆಸರಿನಲ್ಲಿರುವುದು ನಿಜವಾದ ಗಿಡುಗ, ಟೊಮಾಹಾಕಿನಲ್ಲಿ ಹಕ್ಕಿಯಿಲ್ಲ. ಹಕ್ಕಿಯನ್ನು ಕೂರಿಸಿದ್ದು ಕೇಳುವವರ ಕಿವಿ. ಒಂದು ಶಬ್ದವನ್ನು ಮೂಲದವರ ಬಾಯಿಂದ ತೆಗೆದುಕೊಂಡವರು ಮೊದಲು ಮಾಡುವ ಕೆಲಸವೇ ಅದನ್ನು ತಮ್ಮ ಮನೆಯ ಶಬ್ದದಂತೆ ಕೇಳಿಸಿಕೊಳ್ಳುವುದು. ಇದರಲ್ಲಿ ಪಾಪವೇನೂ ಇಲ್ಲ. ನಮ್ಮ ಜನ ಹಾಸ್ಪಿಟಲನ್ನು ಆಸ್ಪತ್ರೆ ಮಾಡಿಕೊಂಡರಲ್ಲವೇ?

ಮುಂದಿನ ಕಥೆ ಮಾತ್ರ ಅಷ್ಟು ಮುಗ್ಧವಲ್ಲ. ಯುರೋಪಿನ ವ್ಯಾಪಾರಿಗಳು ಮೂಲನಿವಾಸಿಗಳಿಂದ ತುಪ್ಪಳದ ಚರ್ಮ ಕೊಳ್ಳುವಾಗ ಬದಲಿಗೆ ಕಬ್ಬಿಣದ ಕೊಡಲಿಗಳನ್ನು ಕೊಡತೊಡಗಿದರು. ಕಲ್ಲಿನ ಕೊಡಲಿ ಮೂಲೆ ಸೇರಿತು. ಹದಿನೆಂಟನೆಯ ಶತಮಾನದಲ್ಲಿ ಒಂದು ವಿಚಿತ್ರ ವಸ್ತು ಬಳಕೆಗೆ ಬಂತು. ತಲೆಯ ಒಂದು ಬದಿ ಕೊಡಲಿಯ ಬಾಯಿ, ಇನ್ನೊಂದು ಬದಿ ತಂಬಾಕು ತುಂಬುವ ಚಿಲುಮೆ. ಟೊಳ್ಳಾದ ಕಾವೇ ಹೊಗೆ ಸೇದುವ ಕೊಳವೆ. ಒಪ್ಪಂದಗಳ ಸಂದರ್ಭದಲ್ಲಿ ಇದನ್ನು ಕಾಣಿಕೆಯಾಗಿ ಕೊಡುತ್ತಿದ್ದರು. ಸಮಾಧಾನ ಬೇಕೆಂದರೆ ಈ ಬದಿ, ಯುದ್ಧ ಬೇಕೆಂದರೆ ಆ ಬದಿ. ಕಾವು ಮಾತ್ರ ಎರಡಕ್ಕೂ ಒಂದೇ! ಮನುಷ್ಯನ ಸ್ವಾತಂತ್ರ್ಯದ ಕುರಿತು ಸೆಮಿನರಿಯಲ್ಲಿ ನಾವು ವರ್ಷಗಟ್ಟಲೆ ಓದಿದ್ದನ್ನು ಯಾರೋ ಒಬ್ಬ ಕಮ್ಮಾರ ಒಂದು ಕಬ್ಬಿಣದ ತುಂಡಿನಲ್ಲಿ ಹೇಳಿಬಿಟ್ಟಿದ್ದಾನೆ ಎಂದು ನನಗೆ ಅನಿಸುತ್ತದೆ. ಅದೇ ನಾಡಿನ ಇರೊಕ್ವಾ ಒಕ್ಕೂಟದ ಜನರ ಪರಂಪರೆಯಲ್ಲಿ, ಹೊಡೆದಾಡುತ್ತಿದ್ದ ಕುಲಗಳು ತಮ್ಮ ಆಯುಧಗಳನ್ನು ದೊಡ್ಡದೊಂದು ಪೈನ್ ಮರದ ಬೇರಿನಡಿಯಲ್ಲಿ ಹೂಳಿ ಶಾಂತಿಗೆ ಬದ್ಧರಾದ ಕಥೆಯಿದೆ. ಕೊಡಲಿ ಹೂಳುವುದೆಂದರೆ ವೈರ ಬಿಡುವುದು ಎಂಬ ಇಂಗ್ಲಿಷ್ ನುಡಿಗಟ್ಟಿನ ಹಿಂದೆ ಇರುವುದು ಇಂಥ ಆಚರಣೆಯೇ.

ಹೀಗಿರುವಾಗ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಟೊಮಾಹಾಕ್ ಎಂದರೆ ಮೂಡಿದ ಚಿತ್ರ ಯಾವುದು? ಪೊದೆಯ ಹಿಂದಿನಿಂದ ಹಾರಿ ಬಂದು ತಲೆ ಸೀಳುವ 'ಕಾಡುಮನುಷ್ಯ'ನ ಚಿತ್ರ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯೇ ಮೂಲನಿವಾಸಿಗಳನ್ನು ಕರುಣೆಯಿಲ್ಲದ ಅನಾಗರಿಕರೆಂದು ಬಣ್ಣಿಸಿತು. ಕಬ್ಬಿಣದ ಕೊಡಲಿ ಮಾಡಿ ಮಾರಿದವರು ಒಬ್ಬರು, ಅದರ ಕ್ರೌರ್ಯದ ಹೆಸರು ಹೊತ್ತವರು ಇನ್ನೊಬ್ಬರು. ವಸಾಹತು ಸೈನಿಕರೂ ಸೊಂಟದಲ್ಲಿ ಅದೇ ಕೊಡಲಿ ಸಿಕ್ಕಿಸಿಕೊಂಡೇ ಓಡಾಡಿದರು ಎಂಬುದನ್ನು ಆ ಚಿತ್ರ ಮರೆಸಿತು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಪೌಹಾಟನ್ ಭಾಷೆಯನ್ನಾಡುವವರೇ ಇಲ್ಲವಾದರು. ಭಾಷೆ ಸತ್ತಿತು, ಅದರ ಕೆಲವು ಶಬ್ದಗಳು ಸಾಯಿಸಿದವರ ಭಾಷೆಯಲ್ಲಿ ಬದುಕುಳಿದವು. ಆ ಜನರ ಒಂದು ಕವಲಾದ ಪಮಂಕಿ ಕುಲಕ್ಕೆ ಅಮೆರಿಕದ ಒಕ್ಕೂಟ ಸರ್ಕಾರದ ಅಧಿಕೃತ ಮಾನ್ಯತೆ ದೊರೆತದ್ದು 2015ರಲ್ಲಿ.

ಇಂದಿನ ಇಂಗ್ಲಿಷಿನಲ್ಲಿ ಈ ಶಬ್ದ ತೊಟ್ಟಿರುವ ವೇಷಗಳನ್ನು ನೋಡಿದರೆ ಬೆರಗಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಟೊಮಾಹಾಕ್ ಎಂದರೆ ಸೌದೆ ಸೀಳುವ ಸಣ್ಣ ಕೊಡಲಿ, ಅಷ್ಟೇ. ಅಲ್ಲಿಯೇ ಕುರಿಯ ಉಣ್ಣೆ ಕತ್ತರಿಸುವವನು ಒರಟಾಗಿ ಕತ್ತರಿ ಆಡಿಸಿ ಕುರಿಯ ಚರ್ಮಕ್ಕೆ ಗಾಯ ಮಾಡಿದರೆ ಅದಕ್ಕೂ ಇದೇ ಕ್ರಿಯಾಪದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಅಮೆರಿಕದಿಂದ ಪಡೆದ ಒಂದು ಯುದ್ಧವಿಮಾನಕ್ಕೆ ಈ ಹೆಸರಿಟ್ಟಿತು. 1978ರಲ್ಲಿ ಹೊಸದಾಗಿ ಹಾರಾಟ ಕಲಿಯುವವರಿಗೆಂದು ತಯಾರಾದ ಎರಡು ಆಸನದ ಪುಟ್ಟ ವಿಮಾನಕ್ಕೂ ಇದೇ ಹೆಸರು. ಬಾಸ್ಕೆಟ್‌ಬಾಲಿನಲ್ಲಿ ಒಂದು ಹೊಡೆತ ಟೊಮಾಹಾಕ್. ದೊಡ್ಡ ಹೋಟೆಲುಗಳಲ್ಲಿ ಉದ್ದನೆಯ ಪಕ್ಕೆಲುಬನ್ನು ಕಾವಿನಂತೆ ಉಳಿಸಿ ಬಡಿಸುವ ಮಾಂಸದ ತುಂಡೂ ಟೊಮಾಹಾಕ್. ಅಟ್ಲಾಂಟಾ ನಗರದ ಬೇಸ್‌ಬಾಲ್ ತಂಡದ ಅಭಿಮಾನಿಗಳು 1991ರಿಂದ ಕೊಡಲಿ ಬೀಸುವಂತೆ ಕೈಯಾಡಿಸಿ ಹಾಡುವುದನ್ನು ರೂಢಿ ಮಾಡಿಕೊಂಡರು. 2019ರಲ್ಲಿ ಎದುರಾಳಿ ತಂಡದ ಆಟಗಾರ ರಯಾನ್ ಹೆಲ್ಸ್‌ಲಿ, ಸ್ವತಃ ಚೆರೋಕಿ ಜನಾಂಗದವನು, ಇದು ತನ್ನ ಜನರನ್ನು ಹೀನಾಯವಾಗಿ ಕಾಣಿಸುತ್ತದೆ ಎಂದು ನೊಂದು ನುಡಿದ. ಮರುಪಂದ್ಯದಲ್ಲಿ ತಂಡದವರು ಪ್ರೇಕ್ಷಕರಿಗೆ ಸ್ಪಂಜಿನ ಕೊಡಲಿಗಳನ್ನು ಹಂಚಲಿಲ್ಲ. ಕೈ ಬೀಸುವ ರೂಢಿ ಮಾತ್ರ ಆ ಪಂದ್ಯಕ್ಕೇ ನಿಂತುಹೋಗಲಿಲ್ಲ.

ಈ ಪಟ್ಟಿಯಲ್ಲಿರುವ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಸಿಡ್ನಿಯ ಗೃಹಸ್ಥನೊಬ್ಬ ಅಂಗಡಿಗೆ ಹೋಗಿ ಸೌದೆಗೆಂದು ಟೊಮಾಹಾಕ್ ಕೇಳಿದರೆ ಅವನು ಯಾರಿಗೂ ಅವಮಾನ ಮಾಡಿದಂತಾಗುವುದಿಲ್ಲ. ಬದಲಿಗೆ, ಶಬ್ದದ ಮೊದಲ ಅರ್ಥಕ್ಕೆ ಎಲ್ಲರಿಗಿಂತ ಹತ್ತಿರ ಇರುವವನು ಅವನೇ. ಶಬ್ದಗಳು ನದಿಯ ಕಲ್ಲುಗಳಂತೆ ಉರುಳಿ ಉರುಳಿ ಆಕಾರ ಬದಲಿಸುತ್ತವೆ. ಪ್ರತಿಯೊಂದು ಮಾತಿನ ಪೂರ್ವಾಪರ ವಿಚಾರಿಸಿಯೇ ಬಾಯಿ ತೆರೆಯಬೇಕೆಂದರೆ ಲೋಕವ್ಯವಹಾರ ನಡೆಯದು. ಇದನ್ನು ಒಪ್ಪಿಯೇ ಕ್ಷಿಪಣಿಯ ವಿಷಯಕ್ಕೆ ಬರುತ್ತೇನೆ.

1983ರಲ್ಲಿ ಅಮೆರಿಕದ ನೌಕಾಪಡೆ ಸೇರಿದ ಟೊಮಾಹಾಕ್ ಕ್ಷಿಪಣಿ ಐದೂವರೆ ಮೀಟರಿನಷ್ಟು ಉದ್ದ. ತಲೆಯಲ್ಲಿ ಸುಮಾರು 450 ಕಿಲೋ ಸ್ಫೋಟಕ ಹೊತ್ತು, ನೆಲಕ್ಕೆ ಸಮೀಪವಾಗಿ ಹಾರಿ, ಸುಮಾರು 1,600 ಕಿಲೋಮೀಟರು ದೂರದ ಗುರಿಯನ್ನು ಮುಟ್ಟಬಲ್ಲದು. ಯುದ್ಧದಲ್ಲಿ ಮೊದಲ ಸಲ ಬಳಕೆಯಾದದ್ದು 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧ ಆರಂಭವಾದ ರಾತ್ರಿ. ಆ ರಾತ್ರಿಯ ಬಾಗ್ದಾದನ್ನು ಲೋಕವೇ ದೂರದರ್ಶನದಲ್ಲಿ ಪಟಾಕಿಯ ಪ್ರದರ್ಶನದಂತೆ ನೋಡಿತು. 1993ರ ಜೂನ್ ತಿಂಗಳಲ್ಲಿ, ಅಮೆರಿಕದ ಮಾಜಿ ಅಧ್ಯಕ್ಷರ ಕೊಲೆಗೆ ಸಂಚು ನಡೆದಿತ್ತೆಂಬ ಕಾರಣಕ್ಕೆ, ಬಾಗ್ದಾದಿನಲ್ಲಿದ್ದ ಇರಾಕಿ ಗುಪ್ತಚರ ಕಚೇರಿಯ ಮೇಲೆ ಕಡಲಿನ ಹಡಗುಗಳಿಂದ 23 ಟೊಮಾಹಾಕ್‌ಗಳನ್ನು ಹಾರಿಸಲಾಯಿತು. ಹೆಚ್ಚಿನವು ಗುರಿ ಮುಟ್ಟಿದವು. ಕೆಲವು ಮನೆಗಳ ಮೇಲೆ ಬಿದ್ದವು. ಹಾಗೆ ಬಿದ್ದ ಮನೆಯೊಂದರಲ್ಲಿ ಲೈಲಾ ಅಲ್-ಅತ್ತಾರ್ ಎಂಬ ಚಿತ್ರಕಾರ್ತಿ ತನ್ನ ಪತಿಯೊಂದಿಗೆ ಸತ್ತಳು. ಇರಾಕಿನ ಕಲಾ ವಸ್ತುಸಂಗ್ರಹಾಲಯದ ಮುಖ್ಯಸ್ಥೆಯಾಗಿದ್ದವಳು ಆಕೆ. ಹಡಗಿನಲ್ಲಿದ್ದ ಯಾವನೂ ಆಕೆಯ ಮುಖ ಕಂಡಿರಲಿಲ್ಲ, ಹೆಸರು ಕೇಳಿರಲಿಲ್ಲ.

ಕೊಡಲಿ ಹಿಡಿದವನಿಗೆ ಈ ಸೌಲಭ್ಯವಿಲ್ಲ. ಒಂದು ಮೊಳದ ಕಾವು. ಅದರ ಈ ತುದಿಯಲ್ಲಿ ಕೈ, ಆ ತುದಿಯಲ್ಲಿ ಪೆಟ್ಟು. ಹೊಡೆಸಿಕೊಂಡವನ ಕಣ್ಣು ಹೊಡೆದವನ ಕಣ್ಣನ್ನು ನೋಡುತ್ತದೆ. ಪೆಟ್ಟಿನ ಅದುರು ಕಾವಿನಗುಂಟ ಹರಿದು ಬಂದು ಮೊಣಕೈಯನ್ನು ಮುಟ್ಟುತ್ತದೆ. ಅಂಥ ಕೈಗೊಡಲಿಯ ಹೆಸರನ್ನು, ಕೈಯೇ ಇಲ್ಲದ, ಕಣ್ಣಿಗೆ ಕಣ್ಣು ಸೇರದ ಯಂತ್ರಕ್ಕೆ ಇಡುವಾಗ ನಡೆಯುವುದೇನು? ಸೋತ ಜನರ ಶೌರ್ಯವನ್ನು ಗೆದ್ದವರು ಕಡ ತಂದುಕೊಳ್ಳುತ್ತಾರೆ. ಗುಂಡಿ ಒತ್ತುವ ಕೆಲಸಕ್ಕೆ ಎದುರಾಎದುರು ನಿಂತು ಕಾದಾಡಿದವನ ಮಾನ ಸಿಗುತ್ತದೆ. ಅಮೆರಿಕದ ಸೈನ್ಯ ತನ್ನ ಹೆಲಿಕಾಪ್ಟರುಗಳಿಗೂ ಅಪಾಚೆ, ಚಿನೂಕ್ ಎಂದು ಮೂಲನಿವಾಸಿ ಕುಲಗಳ ಹೆಸರಿಟ್ಟಿದೆ. 2019ರಲ್ಲಿ ಇವೆರಡೂ ನಮ್ಮ ವಾಯುಪಡೆಗೂ ಬಂದವು, ಅದೇ ಹೆಸರಿನಲ್ಲಿ.

ರಾಜೇಶ್ವರದ ಹಿರಿಯರು ಸಡಿಲ ಕಾವಿನ ಬಗ್ಗೆ ಹೇಳಿದ ಮಾತು ಬೈಬಲಿನ ಧರ್ಮೋಪದೇಶಕಾಂಡದ ಒಂದು ವಿಧಿಯನ್ನು ನನಗೆ ನೆನಪಿಸಿತು. ಇಬ್ಬರು ನೆರೆಯವರು ಕಟ್ಟಿಗೆಗೆಂದು ಕಾಡಿಗೆ ಹೋಗುತ್ತಾರೆ. ಒಬ್ಬನು ಕೊಡಲಿ ಬೀಸಿದಾಗ ಕಬ್ಬಿಣವು ಕಾವಿನಿಂದ ಜಾರಿ ಇನ್ನೊಬ್ಬನಿಗೆ ತಗುಲಿ ಅವನು ಸಾಯುತ್ತಾನೆ. ವೈರವಿರಲಿಲ್ಲ, ಉದ್ದೇಶವಿರಲಿಲ್ಲ. ಹೀಗಾಗಿ ಬೀಸಿದವನು ಆಶ್ರಯದ ಪಟ್ಟಣವೊಂದಕ್ಕೆ ಓಡಿ ಹೋಗಿ ಜೀವ ಉಳಿಸಿಕೊಳ್ಳಬಹುದು. ಗಮನಿಸಬೇಕಾದ್ದು ಇಷ್ಟು: ಅವನನ್ನು ಕೊಲೆಗಡುಕನೆಂದು ಕರೆಯಲಿಲ್ಲ, ಆದರೆ ಏನೂ ಆಗಿಲ್ಲವೆಂಬಂತೆ ಮನೆಗೂ ಕಳಿಸಲಿಲ್ಲ. ಮನೆ, ಹೊಲ ಬಿಟ್ಟು ಅವನು ಅಲ್ಲಿಯೇ ಇರಬೇಕು. ಉದ್ದೇಶವಿಲ್ಲದೆ ಆದ ಸಾವಿಗೂ ಒಂದು ಭಾರವಿದೆ, ಅದನ್ನು ಯಾರಾದರೂ ಹೊರಲೇಬೇಕು ಎಂದು ಆ ಹಳೆಯ ಕಾನೂನು ತಿಳಿದಿತ್ತು. ಒಂದೇ ಕ್ರಿಯೆಗೆ ಎರಡು ಪರಿಣಾಮಗಳಿರಬಹುದು, ಬಯಸಿದ್ದು ಒಂದು, ಬಯಸದೆ ಆದದ್ದು ಇನ್ನೊಂದು ಎಂದು ಸಂತ ತೋಮಸ್ ಅಕ್ವಿನಾಸರು ಆತ್ಮರಕ್ಷಣೆಯ ಪ್ರಶ್ನೆಯಲ್ಲಿ ವಿವರಿಸುತ್ತಾರೆ. ಆದರೆ ಉದ್ದೇಶ ಒಳ್ಳೆಯದಿದ್ದರೂ ಅಳತೆ ಮೀರಿದ ಪೆಟ್ಟು ತಪ್ಪೇ ಎಂದೂ ಸೇರಿಸುತ್ತಾರೆ. ಈ ಎರಡನೆಯ ಮಾತು ಯುದ್ಧಕಾಲದಲ್ಲಿ ಬೇಗ ಮರೆತುಹೋಗುತ್ತದೆ.

ಹಾಗಾದರೆ ಹಾರುವ ಕೊಡಲಿಯ ಕಾವು ಯಾರ ಕೈಯಲ್ಲಿದೆ? ನಿರ್ಧರಿಸಿದವನೊಬ್ಬ, ಗುರಿಯ ಲೆಕ್ಕ ಹಾಕಿದವನೊಬ್ಬ, ಗುಂಡಿ ಒತ್ತಿದವನೊಬ್ಬ, ಕಾರ್ಖಾನೆಯಲ್ಲಿ ಮಾಡಿದವನೊಬ್ಬ, ತೆರಿಗೆ ಕಟ್ಟಿದವರು ಕೋಟ್ಯಂತರ. ಕಾವು ಇದೆ, ಅದನ್ನು ಹಿಡಿದವರಿಗೇ ತಾವು ಹಿಡಿದಿದ್ದೇವೆಂದು ತಿಳಿಯದಷ್ಟು ಅದು ಉದ್ದವಾಗಿದೆ.

ಪರರ ಕಣ್ಣಿನ ಕಸದ ಮಾತು ಇಲ್ಲಿಗೆ ಸಾಕು. ನಮ್ಮಲ್ಲಿಯೂ ಕ್ಷಿಪಣಿಗಳಿಗೆ ಪೃಥ್ವಿ, ಅಗ್ನಿ, ಆಕಾಶ ಎಂದು ಪಂಚಭೂತಗಳ ಹೆಸರಿವೆ. ಬ್ರಹ್ಮಪುತ್ರ ಮತ್ತು ಮಾಸ್ಕೋವಾ ಎಂಬ ಎರಡು ನದಿಗಳ ಹೆಸರು ಬೆಸೆದು ಬ್ರಹ್ಮೋಸ್ ಆಗಿದೆ. ನೀರು ಕುಡಿಸುವ ನದಿ ಬೆಂಕಿ ಕಾರುವುದಕ್ಕೆ ಹೆಸರು ಕೊಟ್ಟಿದೆ. ನಾವು ಭೂಮಿಯೆಂದು ಇಟ್ಟ ಪೃಥ್ವಿ ಎಂಬ ಹೆಸರನ್ನು ಪಾಕಿಸ್ತಾನದವರು ಪೃಥ್ವೀರಾಜನೆಂದು ಕೇಳಿಸಿಕೊಂಡು ತಮ್ಮ ಕ್ಷಿಪಣಿಗೆ ಘೋರಿ ಎಂದು ಹೆಸರಿಟ್ಟರೆಂದು ಹೇಳುವುದುಂಟು. ಇನ್ನು ಕೊಡಲಿಯನ್ನೇ ತೆಗೆದುಕೊಳ್ಳಿ. ಹುಮನಾಬಾದಿನ ಬಳಿಯ ಮೊಳಕೇರಾ ಗ್ರಾಮದೊಂದಿಗೆ ಹೆಸರು ಬೆಸೆದುಕೊಂಡಿರುವ ಶರಣ ಮೋಳಿಗೆಯ ಮಾರಯ್ಯನವರು, ಕಾಶ್ಮೀರದ ಅರಸುತನ ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆ ಕಡಿದು ಮಾರಿ ದಾಸೋಹ ನಡೆಸಿದರೆಂಬುದು ಈ ನೆಲದ ನಂಬಿಕೆ. ಸಿಂಹಾಸನಕ್ಕಿಂತ ಕೊಡಲಿ ಮೇಲು ಎಂದು ಎಣಿಸಿದವರ ಊರು ಇದು. ಅದೇ ಊರಿನ ಪತ್ರಿಕೆಗಳಲ್ಲಿ ಕೊಡಲಿ ಎಂದರೆ ಈಗ ಬರೀ ಪೆಟ್ಟು: ಅನುದಾನಕ್ಕೆ ಕೊಡಲಿ, ಹಕ್ಕಿಗೆ ಕೊಡಲಿ ಪೆಟ್ಟು. ಸೋಲಾಪುರ–ಹೈದರಾಬಾದ್ ಹೆದ್ದಾರಿ ಅಗಲವಾದಾಗ ಬದಿಯ ಮರಗಳು ಯಂತ್ರದ ಗರಗಸಕ್ಕೆ ಉರುಳಿದವು. ಅಂಥದ್ದಕ್ಕೂ ಮರಗಳಿಗೆ ಕೊಡಲಿ ಎಂದೇ ನಾವು ಹೇಳುವುದು. ಕಡಿದವನ ಹೆಸರು ಗೊತ್ತಿಲ್ಲದಾಗ ಕೊಡಲಿಯ ಹೆಸರು ಹೇಳುವುದು ಅನುಕೂಲ.

ಆದರೆ ನಮ್ಮ ಸೀಮೆಯಲ್ಲಿ ನಿಜವಾಗಿ ಕಾವಿನಿಂದ ಜಾರಿದ ಶಬ್ದ ಕೊಡಲಿಯಲ್ಲ, ಬೇರೊಂದು. ಆ ಮನೆಯ ಕಟ್ಟೆಯಿಂದ ಎದ್ದು ಬರುವಾಗ ನನ್ನ ಮನಸ್ಸನ್ನು ಚುಚ್ಚಿದ್ದು ಅದು. ರಜಾಕಾರ ಎಂಬ ಶಬ್ದ.

ಉರ್ದುವಿನಲ್ಲಿ ರಜಾ ಎಂದರೆ ಒಪ್ಪಿಗೆ, ಇಚ್ಛೆ. ಕಾರ ಎಂದರೆ ಮಾಡುವವನು. ತನ್ನ ಇಚ್ಛೆಯಿಂದ ಸೇವೆಗೆ ನಿಲ್ಲುವವನು, ಸ್ವಯಂಸೇವಕ. ಪಾಕಿಸ್ತಾನದಲ್ಲಿ ನಾಗರಿಕ ರಕ್ಷಣಾ ದಳದ ಸ್ವಯಂಸೇವಕರನ್ನು ಹಾಗೆಯೇ ಕರೆಯುತ್ತಾರೆ. ಬೀದರ ಜಿಲ್ಲೆಯಲ್ಲಿ ಈ ಅರ್ಥ ಹೇಳಿದರೆ ಜನ ದುರುಗುಟ್ಟಿ ನೋಡುತ್ತಾರೆ, ಅದಕ್ಕೆ ಕಾರಣವೂ ಇದೆ. ನಿಜಾಮನ ಹೈದರಾಬಾದ್ ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಕಾಸಿಂ ರಜ್ವಿ ಎಂಬ ವಕೀಲನ ನಾಯಕತ್ವದಲ್ಲಿ ಬೆಳೆದ ಸಶಸ್ತ್ರ ದಳದವರು ತಮ್ಮನ್ನು ರಜಾಕಾರರೆಂದು ಕರೆದುಕೊಂಡರು. ಸಂಸ್ಥಾನವು ಭಾರತಕ್ಕೆ ಸೇರಬಾರದೆಂದು ಹಳ್ಳಿಹಳ್ಳಿಗಳಲ್ಲಿ ಲೂಟಿ, ಬೆಂಕಿ, ಕೊಲೆ ನಡೆಸಿದರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದಲ್ಲಿ ಇನ್ನೂರರಷ್ಟು ಜನ ಸತ್ತರೆಂದು ಊರಿನವರು ಹೇಳುತ್ತಾರೆ. 2023ರಲ್ಲಿ ಅಲ್ಲಿ ಸ್ಮಾರಕ ಉದ್ಘಾಟನೆಯಾಯಿತು. ಆ ನೋವನ್ನು ಯಾರೂ ಹಗುರ ಮಾಡಬಾರದು. ಈ ಕಡೆಯ ಮುದುಕಿಯರು ಅಳುವ ಮಗುವನ್ನು ಸುಮ್ಮನಾಗಿಸಲು ರಜಾಕಾರ ಬಂದಾನೆಂದು ಹೆದರಿಸುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಇದೇ ಕಥೆಗೆ ಇನ್ನೊಂದು ಅರ್ಧವಿದೆ, ಅದನ್ನು ಮೆಲುದನಿಯಲ್ಲಿ ಹೇಳುತ್ತಾರೆ ಅಥವಾ ಹೇಳುವುದೇ ಇಲ್ಲ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು; ಐದೇ ದಿನಗಳಲ್ಲಿ ನಿಜಾಮನು ಶರಣಾದ. ಅದರ ಬೆನ್ನಿಗೇ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಅಲೆ ಎದ್ದಿತು. ಪ್ರಧಾನಿ ನೆಹರೂ ಅವರ ಸರ್ಕಾರ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತು. ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂದು ಆ ಸಮಿತಿ ಅಂದಾಜು ಮಾಡಿತು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಆಗ ಸತ್ತವರೆಲ್ಲ ರಜಾಕಾರರೇ? ಆ ದಳದಲ್ಲಿ ಹೆಸರು ಬರೆಸಿದವರಿದ್ದರು, ಬರೆಸದವರು ಅವರಿಗಿಂತ ಎಷ್ಟೋ ಹೆಚ್ಚಿದ್ದರು. ಹೈದರಾಬಾದಿನಲ್ಲಿ ರಜಾಕಾರರ ವಿರುದ್ಧ ಬರೆದು 1948ರ ಆಗಸ್ಟಿನಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಸ್ವತಃ ಮುಸಲ್ಮಾನ. ಅವನ ಬರೆಯುವ ಕೈಯನ್ನೇ ಕಡಿದರು. ಹೆಸರನ್ನು ಗುರಿ ಮಾಡಿ ಬೀಸಿದ ಕೊಡಲಿ, ಹೆಸರು ಹೊತ್ತವನನ್ನು ಬಿಟ್ಟು ಪಕ್ಕದಲ್ಲಿ ನಿಂತವನಿಗೆ ತಗುಲುವುದು ಹೀಗೆ.

ಬಾಂಗ್ಲಾದೇಶದಲ್ಲಿ ಈ ಶಬ್ದದ ಪಾಡು ಇನ್ನೊಂದು ಬಗೆ. 1971ರಲ್ಲಿ ಪಾಕಿಸ್ತಾನಿ ಸೈನ್ಯದ ಜೊತೆ ಕೈಜೋಡಿಸಿದ ದಳಕ್ಕೆ ರಜಾಕಾರ ಎಂಬ ಹೆಸರಿದ್ದುದರಿಂದ ಅಲ್ಲಿ ಅದಕ್ಕೆ ದೇಶದ್ರೋಹಿ ಎಂಬ ಅರ್ಥ ಬಂತು. 2024ರ ಜುಲೈನಲ್ಲಿ ಮೀಸಲಾತಿ ವಿರೋಧಿಸಿ ಬೀದಿಗಿಳಿದಿದ್ದ ವಿದ್ಯಾರ್ಥಿಗಳ ಕುರಿತು ಪ್ರಧಾನಿ ಶೇಖ್ ಹಸೀನಾ ಆಡಿದ ಮಾತಿನಲ್ಲಿ ಈ ಶಬ್ದ ಬಂದಾಗ, ವಿದ್ಯಾರ್ಥಿಗಳು ಆ ಬೈಗುಳವನ್ನೇ ಎತ್ತಿಕೊಂಡು ತಮ್ಮ ಘೋಷಣೆ ಮಾಡಿಕೊಂಡರು. ಆಗಸ್ಟ್ 5ರಂದು ಅವರು ದೇಶ ಬಿಡಬೇಕಾಯಿತು. ಆ ದಂಗೆಗೆ ಬೇರೆ ಹಲವು ಕಾರಣಗಳಿದ್ದವು, ನಿಜ. ಆದರೂ, ಅರ್ಧ ಶತಮಾನದ ಹಿಂದಿನವರ ಹೆಸರನ್ನು ಇಂದಿನ ಮಕ್ಕಳ ಮೇಲೆ ಎಸೆದರೆ ಅದು ಎಲ್ಲಿಗೆ ಹೋಗಿ ನಾಟುತ್ತದೆಂದು ಎಸೆದವರಿಗೂ ಗೊತ್ತಿರುವುದಿಲ್ಲ.

ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಒಳಗಿನ ದ್ರೋಹಿಗೆ ಅನ್ವಯಿಸುತ್ತೇವೆ. ಮರವನ್ನು ಕಡಿಯುವ ಕೊಡಲಿಗೆ ಹಿಡಿಯಾದದ್ದು ಮರವೇ ತಾನೆ? ನನಗೀಗ ಆ ಗಾದೆ ಬೇರೊಂದನ್ನು ಹೇಳುವಂತೆ ಕೇಳಿಸುತ್ತದೆ. ಕಬ್ಬಿಣ ಎಷ್ಟೇ ಹರಿತವಿರಲಿ, ನಮ್ಮಂಥ ಸಾಧಾರಣ ಕಟ್ಟಿಗೆ ಹಿಡಿಯಾಗಿ ನಿಲ್ಲದಿದ್ದರೆ ಅದು ಬೀಸಲಾರದು. ಬೈದವನು ಒಬ್ಬನಾದರೆ, ಕೇಳಿ ಸುಮ್ಮನಿದ್ದವರು ಅದಕ್ಕೆ ಕಾವಾಗುತ್ತಾರೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಹೆದ್ದಾರಿ ಅಗಲವಾಗುತ್ತಿದ್ದ ವರ್ಷಗಳಲ್ಲಿ ಒಂದು ಮಧ್ಯಾಹ್ನ ರಾಜೇಶ್ವರದ ಸಮೀಪ ನನ್ನ ಮೋಟರ್‌ಸೈಕಲ್ಲಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ರಸ್ತೆಬದಿಯ ಪಂಕ್ಚರ್ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ, ಪಕ್ಕದ ಚಹಾದಂಗಡಿಯಲ್ಲಿ ಕುಳಿತೆ. ಪಂಕ್ಚರ್ ಹಾಕುವ ಹುಡುಗನಿಗೆ ಇಪ್ಪತ್ತು ವರ್ಷವಿದ್ದೀತು, ಮುಸ್ಲಿಮರ ಹುಡುಗ. ಚಹಾದಂಗಡಿಯಲ್ಲಿದ್ದ ನಡುವಯಸ್ಸಿನವನೊಬ್ಬ ತನ್ನ ಟ್ರ್ಯಾಕ್ಟರಿನ ಟ್ಯೂಬಿಗೆ ಹೆಚ್ಚು ದುಡ್ಡು ಕೇಳಿದನೆಂದು ಅವನೊಂದಿಗೆ ಜಗಳಕ್ಕೆ ನಿಂತಿದ್ದ. ಹತ್ತಿಪ್ಪತ್ತು ರೂಪಾಯಿಯ ವ್ಯವಹಾರ. ಮಾತು ಬೆಳೆದು, ಕೊನೆಗೆ ಅವನು ಕೂತಲ್ಲಿಂದಲೇ, "ರಜಾಕಾರನ ಮಮ್ಮಗ, ಲೂಟಿ ಮ್ಯಾಡೋದು ಬಿಟ್ಟೀದೇನು?" ಎಂದ. ಅಂಗಡಿಯಲ್ಲಿದ್ದ ನಾಲ್ಕೈದು ಜನ ನಕ್ಕರು. ನಾನು ನಗಲಿಲ್ಲ. ಆದರೆ ಏನೂ ಹೇಳಲೂ ಇಲ್ಲ. ಲೋಟದಲ್ಲಿ ಚಹಾ ಇನ್ನೂ ಅರ್ಧ ಇತ್ತು, ಅದನ್ನು ಕುಡಿದೆ. ಆ ಊರಿಗೆ ನಾನು ಹೊಸಬ, ಯಾರ ಜಗಳ ಯಾರದೋ, ನಡುವೆ ಬಾಯಿ ಹಾಕಿದರೆ ಬೆಳೆದೀತು ಎಂದೆಲ್ಲ ಆ ಕ್ಷಣದಲ್ಲಿ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದೆಲ್ಲ ಸುಳ್ಳೇನಲ್ಲ.

ನಾನು ಗಾಡಿಯ ಬಳಿಗೆ ಹೋದಾಗ ಹುಡುಗ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. ತೂತು ಸಿಕ್ಕಿತು, ಅಲ್ಲಿ ಬೆರಳಿಟ್ಟು, ಒರೆಸಿ, ಉಜ್ಜಿ, ಅಂಟು ಹಚ್ಚಿದ. ನಾನು ಸುಮ್ಮನೆ ನಿಂತಿದ್ದೆ. ಅಂಟು ಒಣಗಲೆಂದು ಕಾಯುವಾಗ ಅವನು ತಲೆಯೆತ್ತದೆ ಹೇಳಿದ: "ನಮ್ಮ ದಾದಾ ಆಗ ಎರಡ್ ವರ್ಷದವ್ರು ಇದ್ರು, ಫಾದರ್."

ಅವನು ನನಗೆ ಉತ್ತರ ಕೊಡುತ್ತಿದ್ದನೋ, ಅಂಗಡಿಯಲ್ಲಿದ್ದವನಿಗೋ, ತಿಳಿಯಲಿಲ್ಲ. ಕೇಳಿದಷ್ಟು ದುಡ್ಡು ಕೊಟ್ಟೆ. ಮೇಲೆ ಹತ್ತು ರೂಪಾಯಿ ಕೊಡಹೋದೆ, ತೆಗೆದುಕೊಳ್ಳಲಿಲ್ಲ. ಗಾಡಿ ಚಾಲೂ ಮಾಡಿ ಚಹಾದಂಗಡಿಯ ಮುಂದೆ ಬಂದಾಗ, ಆ ಮಾತು ಆಡಿದವನು ಇನ್ನೂ ಅಲ್ಲಿಯೇ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತು, ಭಕ್ತಿಯಿಂದ ಕೈ ಮುಗಿದ. ನಾನೂ ಕೈ ಮುಗಿದೆ.